ಮೂಗಿನ ಮುಂದೆ ನಿಂತ ಮುಷ್ಟಿ

ಕವನಳಿಗೆ ಐದು ತುಂಬುವ ಹೊತ್ತಿಗೆ ಭದ್ರಾವತಿಯ ಜನ್ನಾಪುರದ ಆ ಓಣಿಯಲ್ಲಿ ಅವಳ ಕೈಯಲ್ಲಿ ಏಟು ತಿನ್ನದ ಮಕ್ಕಳೇ ಉಳಿದಿರಲಿಲ್ಲ. ಜಾರುಬಂಡೆಯ ಸಾಲಿನಲ್ಲಿ ಮುಂದೆ ನುಗ್ಗಿದವನಿಗೆ ಗುದ್ದು, ಪೆನ್ಸಿಲ್ ಕೊಡದವಳಿಗೆ ಒದೆ. ಯುಕೆಜಿ ಮಿಸ್ಸು ಅವಳ ಅಮ್ಮ ಶೀಲಾಳನ್ನು ಶಾಲೆಗೆ ಕರೆಸಿ ಕರೆಸಿ ಸಾಕಾಗಿದ್ದರು. ಶೀಲಾ ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುವವಳು, ಗಂಡ ಸಿದ್ದು ವೆಲ್ಡಿಂಗ್ ಶಾಪಿನಲ್ಲಿ. ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಎತ್ತಿದವರಲ್ಲ. ಮಗುವಿಗೆ ಈ ಸಿಟ್ಟು ಎಲ್ಲಿಂದ ಬಂತೋ ಎಂದು ಶೀಲಾ ಸೂಜಿ ಚುಚ್ಚುತ್ತಲೇ ಯೋಚಿಸುತ್ತಿದ್ದಳು. ಬೈದು ನೋಡಿದ್ದಳು, ಮುದ್ದು ಮಾಡಿ ನೋಡಿದ್ದಳು, ಅತ್ತೆ ಹುಲಿಗೆಮ್ಮನ ಮಾತು ಕೇಳಿ ದೃಷ್ಟಿಯನ್ನೂ ತೆಗೆಸಿದ್ದಳು.

ಅಂಥ ದಿನಗಳಲ್ಲೇ ಬೇಕರಿಯ ಗೋಡೆಯ ಮೇಲೆ ಒಂದು ಪೋಸ್ಟರ್ ಕಾಣಿಸಿತು. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಕರಾಟೆ, ಜನ್ನಾಪುರದ ಸಮುದಾಯ ಭವನದಲ್ಲಿ, ಸಂಜೆ ಐದಕ್ಕೆ. ಶೀಲಾ ಮನೆಗೆ ಬಂದು ವಿಷಯ ಹೇಳಿದಾಗ ಹುಲಿಗೆಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು.

“ಮೊದಲೇ ಮಂಗ. ಅದಕ್ಕೆ ಹೆಂಡ ಬೇರೆ ಕುಡಿಸ್ತೀಯಾ ಮಾರಾಯ್ತಿ?”

ಶೀಲಾಳಿಗೂ ಅದೇ ಅಳುಕು. ಆದರೆ ಬೇರೆ ದಾರಿಯೂ ತೋಚಲಿಲ್ಲ. ಸೋಮವಾರ ಅಂಗಡಿಯಿಂದ ಬೇಗ ಹೊರಟು ಮಗಳನ್ನು ಭವನಕ್ಕೆ ಕರೆದುಕೊಂಡು ಹೋದಳು.

ಒಳಗೆ ಒಂದು ಮಗುವೂ ಇರಲಿಲ್ಲ. ಬಿಳಿ ಉಡುಪು, ಕಪ್ಪು ಬೆಲ್ಟಿನ ಒಬ್ಬಳೇ ಹುಡುಗಿ, ಇಪ್ಪತ್ತೈದರ ಆಸುಪಾಸು, ನೆಲ ಗುಡಿಸುತ್ತಿದ್ದಳು. ಹೆಸರು ಮೈತ್ರಿ. ಶಿವಮೊಗ್ಗದಲ್ಲಿ ಚಂದ್ರಹಾಸ ಮಾಸ್ಟರ ಹತ್ತಿರ ಕಲಿತವಳು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದಳು. ಎಂಟು ತುಂಬದ ಮಕ್ಕಳಿಗೆ ಕರಾಟೆ ಹೇಳಿಕೊಡುವುದೂ ಒಂದೇ, ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದೂ ಒಂದೇ ಎಂದು ಮಾಸ್ಟರು ನಕ್ಕಿದ್ದರಂತೆ. ಹಾಗಾಗಿಯೇ ಅವಳು ಶಿವಮೊಗ್ಗ ಬಿಟ್ಟು ಭದ್ರಾವತಿಯಲ್ಲಿ ಜಾಗ ಹುಡುಕಿಕೊಂಡಿದ್ದಳು.

ಐದೂಕಾಲಾದರೂ ಬೇರೆ ಯಾರೂ ಬರಲಿಲ್ಲ. ಇನ್ನೊಂದು ದಿನ ಬರುತ್ತೇವೆ ಎಂದು ಶೀಲಾ ಚಪ್ಪಲಿಗೆ ಕಾಲು ಹಾಕಿದಳು. ಮೈತ್ರಿ ತಡೆದಳು. ಕ್ಲಾಸು ಇವತ್ತು ಅಂತ ಹಾಕಿದ್ದೇನೆ, ಒಬ್ಬ ವಿದ್ಯಾರ್ಥಿನಿ ಬಂದಿದ್ದಾಳೆ, ಮತ್ತೇನು ಬೇಕು ಅಂದಳು. ಆಮೇಲೆ ಕವನಳ ಎದುರು ನೆಟ್ಟಗೆ ನಿಂತು, ದೊಡ್ಡವರಿಗೆ ಬಗ್ಗುವ ಹಾಗೆ ಸೊಂಟ ಬಗ್ಗಿಸಿ ವಂದಿಸಿದಳು.

ಮಗು ಬಾಯಿ ಬಿಟ್ಟುಕೊಂಡು ನೋಡಿತು. ಅದಕ್ಕೆ ಯಾರೂ ಹಾಗೆ ಬಗ್ಗಿ ಮರ್ಯಾದೆ ಕೊಟ್ಟವರಿಲ್ಲ. ಏನು ಮಾಡಬೇಕೆಂದು ತಿಳಿಯದೆ ತನಗೆ ಗೊತ್ತಿದ್ದುದನ್ನೇ ಮಾಡಿತು. ಮೈತ್ರಿಯ ಮೊಣಕಾಲಿನ ಕೆಳಗೆ ಫಟ್ಟನೆ ಒದ್ದಿತು.

ಶೀಲಾ ನಾಚಿಕೆಯಿಂದ ಓಡಿ ಬಂದಳು. ಮೈತ್ರಿ ಕಾಲು ಉಜ್ಜಿಕೊಳ್ಳುತ್ತಾ ಕೈಸನ್ನೆಯಲ್ಲೇ ಅವಳನ್ನು ಕೂರಿಸಿದಳು. ಒದೆಯಲ್ಲಿ ಜೋರಿದೆ ಎಂದು ಮಗುವನ್ನು ಹೊಗಳಿದಳು. ಹೊಡೆಯುವುದು ನಿನಗೆ ಆಗಲೇ ಬರುತ್ತದೆ, ಅದನ್ನು ನಾನೇನು ಹೇಳಿಕೊಡಲಿ, ನಿಲ್ಲಿಸುವುದು ಬರುತ್ತದಾ ಎಂದು ಕೇಳಿದಳು. ಮಗುವಿನ ಮುಖದ ಮಟ್ಟಕ್ಕೆ ಮಂಡಿಯೂರಿ ಕೂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿದಳು.

“ನನ್ನ ಮೂಗಿಗೆ ಗುದ್ದು ಕವನ. ಆದ್ರೆ ತಾಗಬಾರ್ದು. ಮೂಗಿನ ಮುಂದೆ ನಿಲ್ಬೇಕು.”

ಕವನ ಗುದ್ದಿತು. ನಿಲ್ಲಲಿಲ್ಲ. ಮೈತ್ರಿಯ ಮೂಗಿನಿಂದ ರಕ್ತ ಇಳಿದು ಬಿಳಿ ಉಡುಪಿನ ಎದೆಯ ಮೇಲೆ ತೊಟ್ಟಿಕ್ಕಿತು.

ಶೀಲಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ರಟ್ಟೆ ಹಿಡಿದು ಎಳೆಯಲು ಹೋದಳು. ಮೈತ್ರಿ ಬೇಡ ಎಂದು ತಲೆಯಾಡಿಸಿದಳು. ಮೂಗು ಒತ್ತಿ ಹಿಡಿದು ರಕ್ತ ನಿಲ್ಲುವವರೆಗೂ ಸುಮ್ಮನೆ ಕೂತಳು. ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. ಆಮೇಲೆ ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಕೈ ಹಿಂದೆ ಕಟ್ಟಿ, ಮತ್ತೆ ಕಣ್ಣು ಮುಚ್ಚಿದಳು.

ಕವನ ಮುಷ್ಟಿ ಎತ್ತಿತು, ಇಳಿಸಿತು. ಆ ರಕ್ತದ ಕಲೆಯನ್ನೇ ನೋಡಿತು. ಅಮ್ಮನ ಕಡೆ ತಿರುಗಿತು. ಕೊನೆಗೆ ಮಗು ತುಟಿ ಕಚ್ಚಿಕೊಂಡು ಗುದ್ದಿತು. ಪುಟ್ಟ ಮುಷ್ಟಿ ಮೂಗಿನ ಮುಂದೆ, ಒಂದು ಎಲೆ ತೂರುವಷ್ಟು ಜಾಗ ಬಿಟ್ಟು ನಿಂತಿತು. ಇಡೀ ಕೈ ನಡುಗುತ್ತಿತ್ತು.

ಮೈತ್ರಿ ಕಣ್ಣು ತೆರೆದು ಆ ಮುಷ್ಟಿ ನೋಡಿದಳು. “ಇದು ಕರಾಟೆ,” ಅಂದಳು.

ಮರುದಿನ ಓಣಿಯಲ್ಲೆಲ್ಲ ಅದೇ ಸುದ್ದಿ. ಶಿವಮೊಗ್ಗದಿಂದ ಕಲಿಸಲು ಬಂದವಳು ಸಿದ್ದು ಮಗಳ ಕೈಲಿ ಏಟು ತಿಂದಳಂತೆ ಎಂದು ದೊಡ್ಡವರು ನಕ್ಕರು. ಮಕ್ಕಳಿಗೆ ಮಾತ್ರ ಆ ಸುದ್ದಿ ಬೇರೆ ರೀತಿ ಕೇಳಿಸಿತು. ಮಿಸ್ಸಿಗೇ ಗುದ್ದಬಹುದಾದ ಕ್ಲಾಸು ಲೋಕದಲ್ಲಿ ಇನ್ನೆಲ್ಲಿದೆ? ಹಟ ಮಾಡಿ ಅಪ್ಪ ಅಮ್ಮಂದಿರನ್ನು ಎಳೆದುಕೊಂಡು ಬಂದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಭವನದ ಬಾಗಿಲಲ್ಲಿ ಪುಟ್ಟ ಚಪ್ಪಲಿಗಳ ರಾಶಿ.

ಶೀಲಾ ಪ್ರತಿ ಕ್ಲಾಸಿಗೂ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ಒಬ್ಬ ಉಚ್ಚೆ ಅನ್ನುತ್ತಾನೆ, ಒಬ್ಬಳು ಬೆಲ್ಟನ್ನು ಬಾಲ ಮಾಡಿಕೊಂಡು ಓಡುತ್ತಾಳೆ, ಇನ್ನೊಬ್ಬ ಸುಮ್ಮನೆ ಅಳುತ್ತಾನೆ. ಮೈತ್ರಿ ದನಿ ಏರಿಸಿದ್ದನ್ನು ಅವಳು ಕಾಣಲಿಲ್ಲ. ಮೊದಲು ಬೀಳುವುದನ್ನು ಕಲಿಸಿದಳು; ತಲೆ ಒಳಗೆ, ಬೆನ್ನು ದುಂಡಗೆ. ಆಮೇಲೆ ಹೊಟ್ಟೆಯಿಂದ ದನಿ ತೆಗೆದು “ಬೇಡ” ಅನ್ನುವುದನ್ನು. ಹೆಂಚು ಒಡೆಯುವುದು ಯಾವಾಗ ಎಂದು ಕೆಲವು ಅಪ್ಪಂದಿರು ಕೇಳಿದರೆ, ಇವರ ಮೂಳೆ ಇನ್ನೂ ಎಳೆಯದು, ಈಗ ಆಗಲ್ಲ ಎಂದು ನಗುತ್ತಲೇ ಹೇಳಿದಳು. ಅದಕ್ಕೆ ಇಬ್ಬರು ಮಕ್ಕಳನ್ನು ಬಿಡಿಸಿಕೊಂಡು ಹೋದರೂ ಅವಳು ಮಾತು ಬದಲಿಸಲಿಲ್ಲ. ತನಗಿಂತ ಚಿಕ್ಕವಳಾದ ಈ ಹುಡುಗಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ಶೀಲಾ ಬೆರಗಾದಳು. ಅಳುಕುತ್ತಲೇ ಬೆಲ್ಟು ಕಟ್ಟಿಕೊಡಲು ಮುಂದಾದವಳು, ಬರಬರುತ್ತಾ ಅವಳ ಬಲಗೈ ಆದಳು.

ಕವನಳ ಸಿಟ್ಟೇನೂ ಮಾಯವಾಗಲಿಲ್ಲ. ಆದರೆ ಒಂದು ಮಧ್ಯಾಹ್ನ ಯುಕೆಜಿ ಮಿಸ್ಸು ತಾವಾಗಿಯೇ ಫೋನ್ ಮಾಡಿದರು. ಯಾರೋ ನೂಕಿದ್ದಕ್ಕೆ ಕವನ ಮುಷ್ಟಿ ಎತ್ತಿ, ಗಾಳಿಯಲ್ಲೇ ನಿಲ್ಲಿಸಿ, ಜೋರಾಗಿ “ಬೇಡ” ಅಂದಳಂತೆ. ನೂಕಿದವನು ಹೆದರಿ ತಾನೇ ಸಾಲಿನ ಹಿಂದೆ ಹೋಗಿ ನಿಂತನಂತೆ. ಕೇಳಿ ಹುಲಿಗೆಮ್ಮ ಸಂಜೆ ಮೈತ್ರಿಗೆಂದು ಡಬ್ಬಿಯಲ್ಲಿ ಕಡುಬು ತುಂಬಿ ಕಳಿಸಿದರು.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಮೈತ್ರಿ ಶೀಲಾಳ ಜೊತೆ ಮಕ್ಕಳನ್ನೆಲ್ಲ ಬಸ್ಸು ಹತ್ತಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಮಕ್ಕಳಿಗೆ ಹಳದಿ ಬೆಲ್ಟು ಕೊಡಬೇಕಾದವರು ಚಂದ್ರಹಾಸ ಮಾಸ್ಟರು. ನರೆತ ಮೀಸೆಯ, ಮಾತು ಕಮ್ಮಿಯ ಮನುಷ್ಯ. ಮಕ್ಕಳು ಸಾಲು ತಪ್ಪದೆ ನಿಂತದ್ದನ್ನು, ಬಿದ್ದು ಎದ್ದದ್ದನ್ನು ಕೈಕಟ್ಟಿಕೊಂಡು ನೋಡಿದರು. ಮೂಗಿನ ಕಥೆ ಅವರ ಕಿವಿಗೂ ಬಿದ್ದಿತ್ತು. ಆ ಮಗು ಯಾವುದು ಎಂದು ಕೇಳಿದರು. ಮೈತ್ರಿ ಕವನಳನ್ನು ಮುಂದೆ ಕಳಿಸಿದಳು.

ಮಾಸ್ಟರು ಮೆಲ್ಲಗೆ ಮಂಡಿಯೂರಿ ಕೂತರು. ಕೈ ಹಿಂದೆ ಕಟ್ಟಿದರು, ಆದರೆ ಕಣ್ಣು ಮುಚ್ಚಲಿಲ್ಲ. ಕವನ ಬಗ್ಗಿ ವಂದಿಸಿ, ಹಾಲ್ ನಡುಗುವ ಹಾಗೆ ಕೂಗಿ ಗುದ್ದಿತು. ಮುಷ್ಟಿ ಅವರ ಮೂಗಿನ ಮುಂದೆ ನಿಂತಿತು. ಈ ಸಲ ಕೈ ನಡುಗಲಿಲ್ಲ.

ಮಾಸ್ಟರು ಮೈತ್ರಿಯ ಕಡೆ ತಿರುಗಿದರು.

“ಕಣ್ಣು ಬಿಟ್ಕೊಂಡಿದ್ದೂ ನಾನು ತಲೆ ಹಿಂದಕ್ಕೆ ತಗೊಂಡೆ. ನೀನು ಕಣ್ಣು ಮುಚ್ಕೊಂಡು, ಅದೂ ಏಟು ತಿಂದ್ಮೇಲೆ, ಹೆಂಗೆ ಕೂತೆ?”

“ನಂಗೂ ಹೆದರಿಕೆ ಇತ್ತು ಸರ್,” ಅಂದಳು ಮೈತ್ರಿ. “ಆದ್ರೆ ಅವಳನ್ನ ಅದುವರೆಗೂ ಯಾರೂ ನಂಬಿರಲಿಲ್ಲ ಅನ್ನಿಸ್ತು.”

ಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆತ್ತವಳಾಗಿ ತಾನೂ ನಂಬಿರಲಿಲ್ಲ ಎಂಬುದು ಆ ಮಾತಿನಲ್ಲಿತ್ತು, ಆದರೂ ಅದು ಚುಚ್ಚಲಿಲ್ಲ.

ಅವತ್ತೇ ಮಾಸ್ಟರು, ಭಾನುವಾರ ಬೆಳಿಗ್ಗೆ ನಮ್ಮ ಹಾಲ್ ಖಾಲಿ ಇರುತ್ತದೆ, ಇಲ್ಲಿನ ಚಿಕ್ಕ ಮಕ್ಕಳಿಗೂ ನೀನೇ ಶುರು ಮಾಡು ಅಂದರು. ಶಿವಮೊಗ್ಗದ ಮೊದಲ ಕ್ಲಾಸಿಗೆ ಶೀಲಾಳೂ ಭದ್ರಾವತಿಯಿಂದ ಬಸ್ಸು ಹಿಡಿದು ಹೋದಳು. ಮಕ್ಕಳ ಗಲಾಟೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮೈತ್ರಿ ನಡುವೆ ನಿಂತು ಎಲ್ಲರಿಗೂ ಬಗ್ಗಿ ವಂದಿಸುತ್ತಿದ್ದಳು. ಮೂಲೆಯಲ್ಲಿ ಚಂದ್ರಹಾಸ ಮಾಸ್ಟರು ನೆಲದ ಮೇಲೆ ಕೂತು, ಅಳುತ್ತಿದ್ದ ಒಂದು ಮಗುವಿನ ಪೈಜಾಮದ ಲಾಡಿಯ ಗಂಟನ್ನು ಬಿಡಿಸಲು ಹೆಣಗಾಡುತ್ತಿದ್ದರು.