ಒಳಗಿನಿಂದ ಎರಡು ಪೆಟ್ಟು

ಅಪ್ಪ ಇದ್ದಾಗಲೂ ಹೊರಗೆ ನಿಂತು ದೋಣಿಯ ಹಲಗೆಗೆ ಮರದ ಗೂಟ ಬಡಿಯುವವಳು ಅವಳೇ. ಮಾತು ಕಮ್ಮಿ, ಅದಕ್ಕೇ ಮನೆಯವರಿಗೆಲ್ಲ ಅವಳು ಮೂಗಿ. ಅಪ್ಪ ದೋಣಿಯ ಒಳಗೆ ಕೂರುತ್ತಿದ್ದ. ಹಲಗೆ ದಾಟಿ ಗೂಟದ ತುದಿ ಮೂತಿ ತೋರಿಸಿದೊಡನೆ ಸುತ್ತಿಗೆಯಿಂದ ಟಕ್ ಟಕ್ ಎಂದು ಎರಡು ಪೆಟ್ಟು. ಚೆನ್ನಾಗಿ ಕೂತಿದೆ, ಸಾಕು ಎಂದರ್ಥ. ಅಪ್ಪ-ಮಗಳ ಮಾತುಕತೆಯೆಲ್ಲ ಹೆಚ್ಚುಕಡಿಮೆ ಅಷ್ಟೇ.

ಅಪ್ಪ ಹೋದ ಮೇಲೆ ಒಳಗೆ ಕೂರುವವನು ಅಣ್ಣ. ನಾಳೆ ಉಬ್ಬರಕ್ಕೆ ದೋಣಿ ನೀರಿಗಿಳಿಯಬೇಕು, ಅದನ್ನು ಕಡಲಿಗೆ ಒಯ್ಯುವವನೂ ಅವನೇ.

ಗೂಟಗಳ ಕೊನೆಯ ಸಾಲು. ಬಡಿದಳು, ಟಕ್ ಟಕ್. ಮುಂದಿನದು, ಟಕ್ ಟಕ್. ಅದರ ಪಕ್ಕದ್ದಕ್ಕೆ ಉತ್ತರವೇ ಇಲ್ಲ.

"ಅಣ್ಣಾ, ನಿದ್ದೆ ಹೋದ್ಯಾ?"

"ಇಲ್ಲಿದೀನಲ್ಲೇ!" ದನಿ ಬಂದದ್ದು ಬೆನ್ನ ಹಿಂದಿನಿಂದ. ಅಣ್ಣ ನೀರಿನ ಚೊಂಬು ಹಿಡಿದು ನಿಂತಿದ್ದ. "ಆಗಲೇ ಇಳಿದು ಬಂದೆ."

"ಮತ್ತೆ ಒಳಗೆ ಯಾರು?"

"ನನ್ನ ಮಾವ. ಹೆಣ್ಣು ಕೊಡೋಕೆ ಬಂದು ಕೂತಿದಾನೆ." ಅಣ್ಣ ನಕ್ಕ.

ಅವಳು ಏಣಿ ಹತ್ತಿ ಇಣುಕಿದಳು. ಒಂದಿಷ್ಟು ಮರದ ಹೊಟ್ಟು, ಒಂದು ಸುತ್ತಿಗೆ. ಒಳಗಿಳಿದು, ಉತ್ತರ ಬಾರದ ಗೂಟವನ್ನು ಹಿಂದಕ್ಕೆ ಬಡಿದು ತೆಗೆದಳು. ಉಗುರು ಊರಿದರೆ ತೇವ.

ಒಣ ಗೂಟವಾದರೆ ನೀರು ಕುಡಿದು ಉಬ್ಬಿ ಹಲಗೆಯನ್ನು ಕಚ್ಚಿಕೊಳ್ಳುತ್ತದೆ. ಹಸಿಯದರ ಹೊಟ್ಟೆ ಮೊದಲೇ ತುಂಬಿರುತ್ತದೆ. ಅದು ಉಬ್ಬುವುದಿಲ್ಲ, ಬಿಸಿಲು ಕಂಡರೆ ಸೊರಗಿ ಸಡಿಲವಾಗುತ್ತದೆ.

"ಇಂಥದ್ದು ಎಷ್ಟು ಹಾಕಿದೀಯ?"

ಅಣ್ಣ ತಲೆ ಕೆರೆದುಕೊಂಡ. "ಒಣಗಿದ್ದು ಸಾಲಲಿಲ್ಲ. ಬುಟ್ಟಿಗೆ ಒಂದಷ್ಟು ಬೆರೆಸಿದೆ. ಎಲ್ಲಕ್ಕೂ ಎಣ್ಣೆ ಬಳಿದಾಯ್ತು, ಈಗ ಯಾವುದು ಅಂತ ಹೇಳಲಿ? ಬಿಡೇ, ನಾಳೆ ಹೊರಡಬೇಕು."

"ಹೊರಡೋನೂ ನೀನೇ, ಮುಳುಗೋನೂ ನೀನೇ."

ಅವಳು ಹೊರಗಿಳಿದು, ಕೊಡತಿ ಎತ್ತಿಕೊಂಡು ದೋಣಿಯ ಮೂತಿಯ ಕಡೆಗೆ ನಡೆದಳು. ಮೊದಲ ಗೂಟಕ್ಕೆ ಒಂದು ಪೆಟ್ಟು ಕೊಟ್ಟಳು.

ಟಕ್ ಟಕ್.

ಅಣ್ಣನ ಚೊಂಬಿನಿಂದ ನೀರು ತುಳುಕಿತು. ಎರಡನೆಯದಕ್ಕೂ ಉತ್ತರ ಬಂತು. ಮೂರನೆಯದಕ್ಕೆ ಇಲ್ಲ. ಅದರ ಮೇಲೆ ಸುಣ್ಣದಲ್ಲಿ ಗೀಟೆಳೆದು ಮುಂದೆ ಹೋದಳು. ಅಣ್ಣ ಬೈರಿಗೆ ತಂದು, ಗೀಟು ಬಿದ್ದದ್ದನ್ನೆಲ್ಲ ಕೊರೆದು ತೆಗೆದ. ಮರುದಿನದ ಉಬ್ಬರ ಬಂದು ಹೋಯಿತು, ದೋಣಿ ದಡದಲ್ಲೇ ಉಳಿಯಿತು.

ಹೊಸ ಗೂಟಗಳು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದವು. ಅವು ಖಣಖಣ ಎನ್ನುವಂತಾದ ಮೇಲೆ ಅವಳು ಬುಟ್ಟಿ ಹೊತ್ತು ದೋಣಿಯ ಬಳಿ ಬಂದಳು.

"ಒಳಗೆ ಕೂತ್ಕೋ ಅಣ್ಣಾ."

ಅಣ್ಣ ಏಣಿಯನ್ನು ನೋಡಿದ, ಹತ್ತಲಿಲ್ಲ.

"ಬೇಡ. ಜಾಗ ಖಾಲಿ ಇಲ್ಲ."