ಮೇಜಿನ ಸಹಿತ ಬಾಡಿಗೆಗೆ

ಹನ್ನೊಂದು ಅಡಿ ಉದ್ದ, ಮೂರು ಅಡಿ ಅಗಲದ ಒಂಟಿ ಹಲಗೆಯೊಂದನ್ನು ನಾಲ್ಕನೆಯ ಮಹಡಿಯ ಕಿಟಕಿಯಿಂದ ಮನೆಯೊಳಗೆ ತಂದವಳು ನಾನು. ಈ ಮಾತನ್ನು ವಿನಯದಿಂದ ಹೇಳುವ ಬಗೆ ನನಗೆ ತಿಳಿಯದು. ತಿಳಿದಿದ್ದರೂ ಹಾಗೆ ಹೇಳುತ್ತಿರಲಿಲ್ಲ.

ಆಗ ನನಗೆ ಮೂವತ್ತು ತುಂಬಿರಲಿಲ್ಲ. ಪರರ ಅಂಗಡಿಯಲ್ಲಿ ಗುಂಡಿ ಹೊಲಿದು ಸವೆದ ಬೆರಳುಗಳು ಇನ್ನು ಸವೆಯುವುದಾದರೆ ನನ್ನ ಸ್ವಂತ ಕೆಲಸಕ್ಕೇ ಸವೆಯಲಿ ಎಂದು ನಿಶ್ಚಯಿಸಿ, ಶಾಲೆಯೊಂದರ ಸಮವಸ್ತ್ರ ಹೊಲಿಯುವ ಗುತ್ತಿಗೆ ಹಿಡಿದಿದ್ದೆ. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಮ್ಮೆಗೇ ಕತ್ತರಿಸಲು ಉದ್ದನೆಯ ಮೇಜು ಬೇಕು. ಮುಚ್ಚಿಹೋದ ಜವಳಿ ಗೋದಾಮಿನಲ್ಲಿ ಅದು ಸಿಕ್ಕಿತು. ಆರು ಕಾಲುಗಳನ್ನೂ ಕಳಚಿ ಹೊತ್ತು ತಂದ ಹಮಾಲರು, ಮೆಟ್ಟಿಲಿನ ಮೊದಲ ತಿರುವಿನಲ್ಲೇ ಹಲಗೆಯನ್ನು ಇಳಿಸಿಬಿಟ್ಟರು. ಅವರ ಮುಖ್ಯಸ್ಥ ಬೆವರು ಒರೆಸಿಕೊಳ್ಳುತ್ತ, “ಅಮ್ಮಾ, ಇದನ್ನ ಮೇಲೆ ಹತ್ತಿಸೋದಕ್ಕಿಂತ ನಿಮ್ಮ ಮನೇನ ಕೆಳಗಿಳಿಸೋದು ಸುಲಭ” ಎಂದ. ಉಳಿದವರು ನಕ್ಕರು. ನಾನು ನಗಲಿಲ್ಲ. ಮರುದಿನ ಕಟ್ಟಡ ಕಟ್ಟುವವರಿಂದ ರಾಟೆಯನ್ನೂ ಹಗ್ಗವನ್ನೂ ಎರವಲು ತಂದೆ. ಕಿಟಕಿಯ ಚೌಕಟ್ಟನ್ನೇ ಕೀಳಿಸಿದೆ. ಸಂಜೆಯ ಹೊತ್ತಿಗೆ ಹಲಗೆ ಮನೆಯೊಳಗಿತ್ತು. ಕಾಲುಗಳನ್ನು ಅಂಟು ಹಾಕಿ, ಬೆಣೆ ಬಡಿದು, ಇನ್ನೆಂದೂ ಕಳಚದಂತೆ ಕೂರಿಸಿದೆವು. ಒಂದು ಊರಾಗುವಷ್ಟು ಮಕ್ಕಳ ಅಂಗಿಗಳನ್ನು ಆ ಮೇಜಿನ ಮೇಲೆ ಕತ್ತರಿಸಿದ್ದೇನೆ. ಮನೆಯನ್ನು ಸ್ವಂತ ಮಾಡಿಕೊಂಡದ್ದೂ, ಮಗನನ್ನು ಓದಿಸಿದ್ದೂ ಅದರ ಬಲದಿಂದಲೇ.

ಆ ಮಗನೇ ಈಗ ಅದನ್ನು ಕುಯ್ಯಿಸಲು ಹೊರಟಿದ್ದ.

ಮಂಡಿನೋವು ಹೆಚ್ಚಿ ನಾನು ನೆಲಮಹಡಿಯ ಅವನ ಮನೆಗೆ ಇಳಿದುಬಂದ ಮೇಲೆ ನನ್ನ ಮನೆ ಬರಿದಾಯಿತು. ನೋಡಲು ಬಂದವರೆಲ್ಲ ನಡುಮನೆಯ ಹೊಸ್ತಿಲಲ್ಲೇ ನಿಂತು, ಮೇಜನ್ನು ಕಂಡು ಮೂಗು ಮುರಿದು, ಬಂದ ದಾರಿ ಹಿಡಿಯುತ್ತಿದ್ದರು. ನನ್ನ ಮಗನದು ಕನ್ನಡಕದ ಅಂಗಡಿ. ಊರಿಗೆಲ್ಲ ದೃಷ್ಟಿ ಸರಿಪಡಿಸುವ ಅವನ ಕಣ್ಣಿಗೆ ಆ ಮೇಜು ಬರಿಯ ಅಡ್ಡಿಯಾಗಿ ಕಾಣುತ್ತಿತ್ತು.

“ಅಮ್ಮ, ಖಾಲಿ ಬಿಟ್ಟ ಮನೆ ಹಾಳಾಗುತ್ತೆ. ಬಡಗಿಗೆ ಹೇಳಿದ್ದೀನಿ, ಭಾನುವಾರ ಬರ್ತಾನೆ. ಮೂರು ತುಂಡು ಮಾಡಿದ್ರೆ ಮೆಟ್ಟಿಲಲ್ಲೇ ಇಳಿಯುತ್ತೆ.”

“ಭಾನುವಾರದೊಳಗೆ ಮೇಜಿನ ಸಹಿತ ಬಾಡಿಗೆಗೆ ಬರೋರನ್ನ ನಾನು ಹುಡುಕ್ತೀನಿ.”

“ಸಿಗದಿದ್ರೆ?”

“ಸಿಗದಿದ್ರೆ ಬಡಗಿಗೆ ಬಾಗಿಲು ನಾನೇ ತೆಗೀತೀನಿ.”

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲು.”

“ಮೊಲದ ಮಾತು ಬಿಡು. ನನ್ನ ಮೇಜಿಗೆ ಆರು.”

ಗೇಟಿಗೆ ಫಲಕ ತೂಗುಹಾಕಿಸಿದೆ: ‘ಮನೆ ಬಾಡಿಗೆಗೆ ಇದೆ, ಮೇಜಿನ ಸಹಿತ.’ ಬಂದವರಿಗೆ ಮನೆ ತೋರಿಸುವ ಕೆಲಸವನ್ನು ಸೊಸೆಗೂ ಬಿಡಲಿಲ್ಲ. ಮಹಡಿಗೊಂದು ಸ್ಟೂಲು ಇಡಿಸಿ, ಕುಳಿತು, ಎದ್ದು, ಮತ್ತೆ ಕುಳಿತು ನಾನೇ ಹತ್ತಿದೆ. ಮುದುಕಿ ಉಸಿರು ತಿರುಗಿಸಿಕೊಳ್ಳುವಷ್ಟು ಹೊತ್ತು ಕಾಯಲಾರದೆ ಗಡಿಯಾರ ನೋಡುವವರು, ಅವಳ ಮನೆಯನ್ನು ಹೇಗೆ ಇಟ್ಟುಕೊಂಡಾರು?

ಮೊದಲು ಬಂದ ಬ್ಯಾಂಕಿನ ಅಧಿಕಾರಿ, “ಮನೆಯೇನೋ ಚೆನ್ನಾಗಿದೆ, ಆ ಮೇಜು ಮಾತ್ರ ತೆಗೆಸಿಬಿಡಿ” ಎಂದರು.

“ಗೋಡೆ ತೆಗೆಸಿ ಅನ್ನಿ, ಯೋಚನೆ ಮಾಡ್ತೀನಿ” ಎಂದೆ.

ಎರಡನೆಯವನು ಟೇಬಲ್ ಟೆನಿಸ್ ಕಲಿಸುವ ತರುಣ. ಮೇಜನ್ನು ಕಂಡದ್ದೇ ತಡ, ಅರಳಿದ ಮುಖದಿಂದ ಜೇಬಿನ ಸೀಮೆಸುಣ್ಣ ತೆಗೆದು ನಟ್ಟನಡುವೆ ಗೆರೆ ಎಳೆದೇಬಿಟ್ಟ. ಮೂರನೆಯ ಮಹಡಿಯ ದಾದಿ ರಾತ್ರಿಪಾಳಿ ಮುಗಿಸಿ ಹಗಲು ಮಲಗುವವಳು. ಅವಳ ನೆತ್ತಿಯ ಮೇಲೆ ಟಕಟಕ ಚೆಂಡು ಕುಣಿಸಲು ನನಗೆ ಮನಸ್ಸಾಗಲಿಲ್ಲ. ಸೀಮೆಸುಣ್ಣವನ್ನು ಅವನ ಕರವಸ್ತ್ರದಿಂದಲೇ ಒರೆಸಿಸಿ ಕಳುಹಿಸಿದೆ.

“ಮೇಜು ಬೇಡ ಅಂದೋರನ್ನೂ ಓಡಿಸ್ತೀಯ, ಬೇಕು ಅಂದೋರನ್ನೂ ಓಡಿಸ್ತೀಯ. ನಿನಗೆ ಬೇಕಾದ್ದಾದ್ರೂ ಏನಮ್ಮ?” ಎಂದು ಮಗ ತಲೆಯ ಮೇಲೆ ಕೈ ಹೊತ್ತ.

ಶುಕ್ರವಾರ ಬಂದವರು ಇಸ್ತ್ರಿ ಮಾಡಿದಂಥ ನಗೆಯ ಮಧ್ಯವಯಸ್ಕರೊಬ್ಬರು. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಮೇಜಿನ ಮೇಲೆ ಬಿಸಿಪಾತ್ರೆ ಇಡಬಾರದು? ಇಡುವುದಿಲ್ಲ. ನೀರು ಚೆಲ್ಲಬಾರದು? ಹನಿಯೂ ಇಲ್ಲ. “ಮುತ್ತಿನಂಥ ಮೇಜು ತಾಯಿ, ಇದನ್ನ ನೋಡೋದೇ ಒಂದು ಭಾಗ್ಯ.” ಭಾನುವಾರಕ್ಕೆ ಮೊದಲೇ ಗೆದ್ದೆನೆಂದು ನನ್ನ ಎದೆ ಉಬ್ಬಿತು. ಬೀಗದ ಕೈ ನಾಳೆ ಕೊಡುವುದೆಂದು ಮಾತಾಯಿತು. ಅವರನ್ನು ಗೇಟಿನವರೆಗೆ ಕಳುಹಿಸಲು ಹೋದ ಮಗ ಸಪ್ಪೆ ಮುಖ ಮಾಡಿಕೊಂಡು ಹಿಂದಿರುಗಿದ.

“ಅಮ್ಮ, ಅವರಿಗೆ ಕೊಡೋದು ಬೇಡ.”

“ಯಾಕೋ? ಹುಡುಕು ಹುಡುಕು ಅಂತ ಪ್ರಾಣ ತಿಂದೋನು ನೀನೇ ಅಲ್ವಾ?”

“ಗೇಟಿನ ಹತ್ರ ನನ್ನ ಕಿವೀಲಿ ಹೇಳಿದ್ರು. ‘ನಿಮ್ಮ ತಾಯಿಗೆ ಮಂಡಿನೋವು, ದಿನಾ ಮೇಲೆ ಬಂದು ನೋಡ್ತಾರಾ? ಒಳಗೆ ಬಂದ ಮೇಲೆ ಮೆಲ್ಲಗೆ ಕುಯ್ಯಿಸಿಬಿಡೋಣ’ ಅಂತ.” ಅವನು ನನ್ನ ಮುಖ ನೋಡಲಿಲ್ಲ. “ಕುಯ್ಯೋದಾದ್ರೆ ನಿನ್ನ ಕಣ್ಣೆದುರಿಗೇ ಕುಯ್ಯಬೇಕು. ಕದ್ದು ಅಲ್ಲ.”

ತನ್ನ ಪಕ್ಷಕ್ಕೇ ಬಂದ ಗೆಲುವನ್ನು ಬಾಗಿಲಿನಿಂದ ಆಚೆ ಕಳುಹಿಸಿದ್ದ ಹುಡುಗ. ಮೇಜಿನ ಮೇಲೆ ಬೆಳೆದವನಲ್ಲವೇ! ನಾನು ಅವನ ಬೆನ್ನು ತಟ್ಟಿದೆ. ಹಾಗೆಂದು ಬಡಗಿಗೆ ಬೇಡವೆನ್ನು ಎಂದು ಅವನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾತೆಂದರೆ ಮಾತು.

ಶನಿವಾರ ಸಂಜೆ ಬಾಗಿಲು ತಟ್ಟಿದವರು ಗಂಡ ಹೆಂಡತಿ. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಅವರ ಕಸುಬು. ಅವನು ಲಾರಿ ಓಡಿಸುವವನು, ಅವಳು ಹೊರುವ ಗುಂಪಿನ ಮುಂದಾಳು. ಕೆಲಸದಿಂದ ನೇರ ಬಂದಿದ್ದ ಅವಳ ಹೆಗಲ ಮೇಲೆ ದಪ್ಪ ಬಟ್ಟೆಯ ಮೆತ್ತೆ ಇನ್ನೂ ಇತ್ತು. ಮೊದಲ ಸ್ಟೂಲಿನಲ್ಲಿ ನಾನು ಕುಳಿತಾಗ, “ನಿಧಾನಕ್ಕೆ ಅಜ್ಜಿ. ಬೀರು ಹೊತ್ತಾಗ ನಾವೂ ಹೀಗೇ, ತಿರುವಿಗೊಂದ್ಸಲ ನಿಲ್ತೀವಿ” ಎಂದಳು. ನನ್ನನ್ನು ಬೀರುವಿಗೆ ಹೋಲಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಒಳಗೆ ಬಂದವಳು ಅಡುಗೆಮನೆ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ಮೇಜಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಅಡಿಭಾಗವನ್ನು ನೋಡಿದಳು.

“ಇದು ಮೆಟ್ಟಿಲಲ್ಲಿ ಬಂದಿಲ್ಲ.”

“ಬಂದಿಲ್ಲ. ಕಿಟಕೀಲಿ ಬಂತು.”

“ಅಜ್ಜೀ, ಕಾಗೆ ಹಾರಿಸಬೇಡಿ! ಇಷ್ಟು ಉದ್ದದ್ದನ್ನ ಅಡ್ಡ ತೂಗಿದ್ರೆ ಗಿರಗಿರ ತಿರುಗಿ ಗೋಡೆಗೆ ಬಡಿಯುತ್ತೆ.”

“ಅಡ್ಡ ತೂಗಿದ್ದು ಅಂತ ಯಾರು ಹೇಳಿದ್ರು? ನೆಟ್ಟಗೆ ನಿಲ್ಲಿಸಿ ತೂಗಿದ್ದು.”

“ಗಂಟು ಎಲ್ಲಿ ಹಾಕಿದ್ರಿ?”

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಕತೆ ಕೇಳಿದವರೆಲ್ಲ ‘ಅಬ್ಬಾ’ ಎಂದು, ಮುಂದಿನ ಮಾತಿಗೆ ಹೋಗಿದ್ದರು.

“ನಡುವಿಗಿಂತ ಒಂದು ಮೊಳ ಮೇಲೆ. ರಾಟೆ ತಾರಸಿ ಮೇಲೆ. ಮೇಲ್ತುದಿ ಈ ಕಿಟಕೀಲಿ ತಲೆ ಎತ್ತಿದ ಕೂಡಲೇ ಒಳಗಿಂದ ನಾವು ಮೂವರು ಹಿಡಿದು ಎಳೆದ್ವಿ. ಮೂರನೇ ಮಹಡಿ ಕಿಟಕೀಲಿ ನಮ್ಮ ಯಜಮಾನ್ರು ಅರ್ಧ ಮೈ ಆಚೆ ಚಾಚಿ ಕೆಳತುದೀನ ಹೊರಗಡೆ ದೂಡಿದ್ರು. ಸ್ಟೂಲ್ ಹತ್ತಿದ್ರೂ ತಲೆ ಸುತ್ತೋದು ಅವರಿಗೆ. ಆವತ್ತು ಕಣ್ಣು ಮುಚ್ಚಿಕೊಂಡೇ ದೂಡಿದ್ರಂತೆ.”

ಅವಳು ಗಂಡನ ಕಡೆ ತಿರುಗಿದಳು. ಇಬ್ಬರೂ ಗಾಳಿಯಲ್ಲಿ ಕೈ ಓರೆ ಮಾಡಿ ನೋಡಿದರು. “ಬರುತ್ತೆ ಕಣ್ರೀ,” ಎಂದಳು ಮೆಲ್ಲಗೆ, “ಹಾಗೆ ದೂಡಿದ್ರೆ ಬಂದೇ ಬರುತ್ತೆ.” ಆಮೇಲೆ ಕಿಟಕಿಯಿಂದ ಇಣುಕಿದಳು. ಹೊರಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹೊಸ ಕಟ್ಟಡದ ಗೋಡೆ ಎದ್ದಿತ್ತು. “ಈಗ ಈ ದಾರೀನೂ ಇಲ್ಲ.”

ಬಾಗಿಲ ಬಳಿ ನಿಂತಿದ್ದ ಮಗ ಕೇಳಿದ: “ಇಡಿಯಾಗಿ ಇಳಿಸೋಕೆ ಬೇರೆ ಉಪಾಯವೇ ಇಲ್ವಾ?”

“ಇಲ್ಲ ಅಣ್ಣ. ಇಳಿಸಲೇಬೇಕು ಅಂದ್ರೆ ಗರಗಸವೇ.”

ಬಲ್ಲವಳ ಬಾಯಿಂದ ಬಂದ ಮಾತು. ನಾನು ಮೇಜಿನ ಅಂಚಿಗೆ ಕೈ ಊರಿದೆ. ಆದರೂ ನಾನು ಕೂರಲಿಲ್ಲ.

ಅವಳ ಗಂಡ ಅನುಮಾನಿಸಿದ: “ನಮ್ಮ ಸಾಮಾನು ಎಲ್ಲಾ ಸೇರಿ ನಾಲ್ಕು ಮೂಟೆ. ಇಷ್ಟು ದೊಡ್ಡದು ಯಾಕೆ ನಮಗೆ?”

“ಬೆಳಗಾದ್ರೆ ಯಾರದೋ ಮನೆ ಸಾಮಾನು ಎತ್ತಿ ಇನ್ಯಾರದೋ ಮನೇಲಿ ಇಡೋದೇ ಆಯ್ತು. ಎತ್ತೋಕೇ ಆಗದ್ದು ಒಂದು ನಮ್ಮನೇಲಿ ಇರ್ಲಿ ಬಿಡ್ರೀ. ಮಗಳು ಆ ತುದೀಲಿ ಓದ್ಲಿ, ನಿಮ್ಮಮ್ಮ ಈ ತುದೀಲಿ ತರಕಾರಿ ಹೆಚ್ಚಲಿ.”

ನಾನು ಸುಲಭವಾಗಿ ಕರಗುವವಳಲ್ಲ. “ಬಿಸಿಪಾತ್ರೆ ಇಡಬಾರದು” ಎಂದೆ.

“ಅದು ಆಗಲ್ಲ ಅಜ್ಜಿ. ಊಟಕ್ಕೂ ಅದೇ ಮೇಜು ತಾನೇ? ಕೆಳಗೆ ದಪ್ಪ ಬಟ್ಟೆ ಹಾಕಿ ಇಡ್ತೀನಿ.” ಹೆಗಲ ಮೆತ್ತೆಯನ್ನು ತೆಗೆದು ಹಲಗೆಯ ಮೇಲೆ ಹಾಸಿ ತೋರಿಸಿದಳು. “ಹೀಗೆ.”

ಎಲ್ಲದಕ್ಕೂ ತಲೆಯಾಡಿಸಿದವರ ಮಾತಿನ ಬೆಲೆ ನನಗೆ ಹಿಂದಿನ ದಿನವೇ ತಿಳಿದಿತ್ತು. ಬೀಗದ ಕೈಯನ್ನು ಆ ಮೆತ್ತೆಯ ಮೇಲೆ ಇಟ್ಟೆ.

ಮಗ ಅಲ್ಲೇ ನಿಂತು ಫೋನು ತೆಗೆದ. “ನಾಳೆ ಬರಬೇಡಪ್ಪಾ. ಇಲ್ಲ ಇಲ್ಲ, ಬೇರೆ ಬಡಗಿ ಸಿಕ್ಕಿಲ್ಲ. ನಮ್ಮಮ್ಮಂಗೆ ಬಾಡಿಗೆಯೋರು ಸಿಕ್ಕಿದ್ರು.”

ಅವರು ಮನೆಗೆ ಬಂದ ದಿನ ನಾನೂ ಸ್ಟೂಲುಗಳನ್ನು ದಾಟಿ ಮೇಲೆ ಹೋದೆ. ನಾಲ್ಕು ಮೂಟೆಗಳು ಮೂಲೆ ಸೇರಿದ್ದವು. ಅವಳ ಗುಂಪಿನವರು ಮೇಜಿನ ಸುತ್ತ ನಿಂತು, ಅದರ ಕಾಲುಗಳನ್ನು ಅಲುಗಿಸಲು ನೋಡಿ ಸೋತು, ಕಿಟಕಿಯ ಮಾತೆಲ್ಲ ಕಟ್ಟುಕತೆ ಎಂದು ನಗುತ್ತಿದ್ದರು. ಮಗ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತ. ಅವಳು ಬಾಗಿಲಾಚೆಯ ಸ್ಟೂಲನ್ನು ತಂದು ಸೆರಗಿನಿಂದ ಒರೆಸಿ, ಮೇಜಿನ ತಲೆಗೆ ಎಳೆದು, ನನ್ನನ್ನು ಕೂರಿಸಿದಳು.

“ಅಜ್ಜಿ, ಇವರು ನಂಬ್ತಿಲ್ಲ. ಗಂಟಿನಿಂದ ಶುರು ಮಾಡಬೇಡಿ, ಮೊದಲಿಂದ ಬರಲಿ. ಆವತ್ತು ಮೆಟ್ಟಿಲು ಇಳಿಯೋವಾಗ ಹೇಳಿದ್ರಲ್ಲ, ಆ ಹಮಾಲರ ಮುಖ್ಯಸ್ಥ ಅಂದಿದ್ದು, ಅದನ್ನೂ ಬಿಡದೆ ಇನ್ನೊಂದ್ಸಲ ಹೇಳಿ.”