ಉತ್ತರ ಮಗ್ಗುಲಿನ ಬಿಳಿ ಹಲಗೆಗಳು

ಜೂನ್ ತಿಂಗಳಲ್ಲಿ ಹಾರ್ಲನ್ ತನ್ನ ಮನೆಯ ಛಾವಣಿ ತೊಳೆಸಿದ. ಅಂದಿನಿಂದ ಪಕ್ಕದ ಮನೆಯ ಎಲ್ವಿನ್‌ಗೆ ತಿಂದ ಅನ್ನ ಮೈಗೆ ಹತ್ತದಾಯಿತು.

ಅಂಗೈಯಗಲದ ಸೀಡರ್ ಮರದ ಹಲಗೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊದಿಸಿದ ಛಾವಣಿ ಅದು. ಅಮೆರಿಕದ ಮೇನ್ ಕರಾವಳಿಯ ಆ ಪುಟ್ಟ ಬಂದರಿನಲ್ಲಿ ಎಲ್ಲರದೂ ಅದೇ. ಹಿಮ, ಮಂಜು, ಉಪ್ಪುಗಾಳಿ ತಿಂದು ಎರಡು ವರ್ಷಕ್ಕೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಪಾಚಿ. ಹಾರ್ಲನ್‌ನದು ಎರಡೇ ದಿನದಲ್ಲಿ ಜೇನುತುಪ್ಪದ ಬಣ್ಣಕ್ಕೆ ಬಂದು ಕೂತಿತು. ಲಾಬ್‌ಸ್ಟರ್ ಹಿಡಿಯುವ ಬೋನು ಹೇರಿಕೊಂಡು ಹೋಗುವವರು ಕೂಡ ಗಾಡಿ ನಿಲ್ಲಿಸಿ ನೋಡಿ ಹೋದರು. ಊರವರು ನೋಡಲಿ ಬಿಡಿ. ಎಲ್ವಿನ್‌ನ ಹೆಂಡತಿ ನಡೀನ್ ಪಾತ್ರೆ ತೊಳೆಯುತ್ತಾ ಕಿಟಕಿಯಾಚೆ ನೋಡಿ, "ಹಾರ್ಲನ್ ಮನೆ ಎಷ್ಟು ಲಕ್ಷಣವಾಗಿ ಕಾಣ್ತಿದೆ, ಅಲ್ವಾ" ಅಂದಳಲ್ಲ, ಅದು ಅವನ ಹೊಟ್ಟೆಗೆ ಕಿಚ್ಚು ಹಚ್ಚಿತು.

ಹೊಟ್ಟೆಕಿಚ್ಚು ಹೊಸದೇನಲ್ಲ. ಎಲ್ವಿನ್ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದವನು. ನಾಲ್ಕು ತಿಂಗಳು ಸಮುದ್ರ, ಎರಡು ತಿಂಗಳು ಮನೆ. ಹಾರ್ಲನ್ ದೋಣಿ ಕಟ್ಟುವ ಬಡಗಿ, ಮದುವೆಯಾಗದವನು, ಹನ್ನೆರಡು ತಿಂಗಳೂ ಬೇಲಿಯಾಚೆಗೇ ಇದ್ದವನು. ಹಿಮ ಬಿದ್ದರೆ ನಡೀನ್‌ಳ ದಾರಿ ಬಿಡಿಸಿದವನು ಅವನು, ಕಾರು ಕೆಟ್ಟರೆ ತಳ್ಳಿದವನು ಅವನು. ಅದಕ್ಕೆಲ್ಲ ಎಲ್ವಿನ್‌ನ ಬಳಿ ಇದ್ದ ಒಂದೇ ಉತ್ತರ ತನ್ನ ಛಾವಣಿ. ಮದುವೆಯಾದ ಬೇಸಿಗೆಯಲ್ಲಿ, ಇಪ್ಪತ್ತೆಂಟು ವರ್ಷದ ಹಿಂದೆ, ಒಂದೊಂದು ಹಲಗೆಯನ್ನೂ ತಾನೇ ಕೂತು ಹೊಡೆದದ್ದು. ನಿವೃತ್ತನಾಗಿ ಬಂದ ಮೇಲೆ ಪ್ರತಿ ಬಿರುಗಾಳಿಯ ಮರುದಿನ ಬೇಲಿಯ ಬಳಿ ನಿಂತು, "ಒಂದು ಹನಿ ಇಲ್ಲ ಕಣೋ" ಎಂದು ಕೂಗುವುದು ಅವನಿಗೆ ಚಟವಾಗಿತ್ತು. ಹಾರ್ಲನ್ ಉಳಿಯಿಂದ ಕಣ್ಣೆತ್ತದೆ, "ಒಳ್ಳೇ ಛಾವಣಿ ನಿಂದು" ಅನ್ನುತ್ತಿದ್ದ. ಅಷ್ಟು ಕೇಳಿದರೆ ಎಲ್ವಿನ್‌ಗೆ ಒಂದು ವಾರ ಸಾಕಾಗುತ್ತಿತ್ತು.

ತಾನೇ ಹತ್ತಿ ತೊಳೆಯೋಣವೆಂದರೆ ಮಂಡಿ ಬದಲಾಯಿಸಿ ಎರಡು ವರ್ಷವಾಗಿತ್ತು. ಏಣಿಯನ್ನು ನಡೀನ್ ತನ್ನ ತಮ್ಮನ ಮನೆಗೆ ಸಾಗಿಸಿಬಿಟ್ಟಿದ್ದಳು. ಹಾರ್ಲನ್ ಕರೆಸಿದ ಗುತ್ತಿಗೆದಾರನನ್ನೇ ಕರೆಸಿದರೆ ಮರ್ಯಾದೆ ಏನಾಗಬೇಕು? ಬೇರೆಯವರನ್ನು ಹುಡುಕಿದ. ಮೊದಲು ಬಂದವನು ವ್ಯಾನಿನಿಂದ ನೀರು ಚಿಮ್ಮಿಸುವ ಯಂತ್ರ ಇಳಿಸಿ, ಮಧ್ಯಾಹ್ನದೊಳಗೆ ಮುಗಿಸಿಕೊಡ್ತೀನಿ ಅಂದ. ಆ ರಭಸಕ್ಕೆ ಮರದ ಮೈಯೇ ಕಿತ್ತು ಬರುತ್ತದೆ ಅನ್ನೋದು ತಿಳಿಯದವನು ನೀನ್ಯಾವ ಸೀಮೆ ಕೆಲಸಗಾರ ಎಂದು ಉಗಿದು ಕಳಿಸಿದ.

ಎರಡನೆಯವಳು ಜೋಸಿ. ನಲವತ್ತು ದಾಟಿದ ಗಟ್ಟಿ ಹೆಂಗಸು, ಮಾತು ಕಮ್ಮಿ. ಎಲ್ವಿನ್ ಪರೀಕ್ಷೆ ಮಾಡುವ ಮೇಷ್ಟ್ರ ಹಾಗೆ ಅವಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಕೇಳಿದ: ಯಾವ ಪುಡಿ, ಯಾವ ಬ್ರಷ್, ನೀರು ಎಲ್ಲಿಂದ ಎಲ್ಲಿಗೆ. ಅವಳು ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಹೇಳಿ, ಏಣಿ ಹತ್ತಿ, ಕಿಸೆಯ ಚಾಕುವಿನ ಮೊನೆಯಿಂದ ನಾಲ್ಕು ಕಡೆ ಹಲಗೆ ಚುಚ್ಚಿ ನೋಡಿ ಇಳಿದಳು.

"ತೊಳೀತೀನಿ ಯಜಮಾನ್ರೇ. ಆದ್ರೆ ಮೊದ್ಲೇ ಹೇಳ್ತೀನಿ. ವಯಸ್ಸಾದ ಹಲಗೆ. ಬಿರುಕಿಗೆಲ್ಲ ಪಾಚಿ ತುಂಬ್ಕೊಂಡು ಹೆಂಗೋ ತಡೀತಿದೆ. ಪಾಚಿ ಹೋದ್ರೆ ಕೆಲವು ಬಾಯಿ ಬಿಡಬಹುದು."

"ನನ್ನ ಛಾವಣಿ ಬಾಯಿ ಬಿಡಲ್ಲ. ನಾನೇ ಹೊಡೆದದ್ದು," ಅಂದ ಎಲ್ವಿನ್. ಜೋಸಿ ಭುಜ ಕುಣಿಸಿ ಚಾಕು ಮಡಚಿ ಕಿಸೆಗೆ ಹಾಕಿದಳು.

ಮೊದಲ ದಿನ ರಸ್ತೆಯ ಕಡೆಯ ಮಗ್ಗುಲು. ನೊರೆ ಹಾಕಿ, ಮೃದುವಾದ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಸವರಿ, ತೋಟಕ್ಕೆ ನೀರು ಬಿಟ್ಟ ಹಾಗೆ ಮೆಲ್ಲಗೆ ತೊಳೆದಳು. ಬೂದಿ ನೀರು ಇಳಿದು ಹೋಗಿ ಕೆಂಪು ಸೀಡರ್ ಮೇಲೆದ್ದಿತು. ಹಾರ್ಲನ್‌ನ ಜೇನು ಬಣ್ಣಕ್ಕಿಂತ ಒಂದು ಕೈ ಮೇಲು. ಎಲ್ವಿನ್ ಕುರ್ಚಿ ಹಾಕಿಸಿಕೊಂಡು ಕೂತು ಕಣ್ತುಂಬ ನೋಡಿದ. ನಡೀನ್‌ಳನ್ನು ಮೂರು ಸಲ ಕರೆದು ತೋರಿಸಿದ. ಅವಳು ಚೆನ್ನಾಗಿದೆ ಅಂದಳು. ಆದರೆ, ಹಿಂದಿನ ಮಗ್ಗುಲು ಬಿಟ್ಟುಬಿಡಬಹುದಲ್ಲ, ಅದನ್ನ ಯಾರು ನೋಡ್ತಾರೆ, ಅಂತಲೂ ಅಂದಳು. ನಿಜ, ಉತ್ತರದ ಮಗ್ಗುಲು ಹಿತ್ತಲ ಬೇಲಿಗೆ ಬೆನ್ನು ಕೊಟ್ಟು ನಿಂತರೆ ಮಾತ್ರ ಕಾಣುತ್ತದೆ, ಇಲ್ಲವಾದರೆ ಹಾರ್ಲನ್‌ನ ಅಡುಗೆಮನೆಯಿಂದ. ಅವನೇ ನೋಡಬೇಕಾದವನು ಎಂದುಕೊಂಡ ಎಲ್ವಿನ್.

ಮರುದಿನ ಉತ್ತರದ ಮಗ್ಗುಲು. ಮಧ್ಯಾಹ್ನದ ಹೊತ್ತಿಗೆ ಜೋಸಿ ಕೆಳಗಿಳಿದು ಅವನನ್ನು ಹಿತ್ತಲಿಗೆ ಕರೆದಳು. ಕೆಂಪು ಹಲಗೆಗಳ ನಡುವೆ, ಹಿಂದಿನ ಕೋಣೆಯ ಮೇಲೆ, ಮಂಚದಗಲದ ಒಂದು ಜಾಗ ಮಾತ್ರ ಹಾಲುಬಿಳಿ.

"ಇಷ್ಟು ಬಿಳಿ ಸೀಡರ್ ಯಜಮಾನ್ರೇ. ಬೂದಿ ಬಣ್ಣ ಬಂದ ಮೇಲೆ ಎರಡೂ ಒಂದೇ ಥರ ಕಾಣ್ತವೆ, ತೊಳೆದ್ರೇನೇ ಗೊತ್ತಾಗೋದು. ಯಾರು ಮಾಡಿದ್ದೋ, ಕೈ ಇರೋ ಮನುಷ್ಯ. ಸುತ್ತ ಇರೋ ಹಳೇದ್ರಲ್ಲಿ ಒಂದು ಸಾಲಿನ ಸಂದಿನ ಮೇಲೇ ಇನ್ನೊಂದು ಸಾಲಿನ ಸಂದು ಕೂತಿದೆ, ನೀರು ನೇರ ಒಳಗೇ ಹೋಗುತ್ತೆ. ಅದನ್ನ ಸರಿಮಾಡಿ..." ಅಷ್ಟರಲ್ಲಿ ಆ ಹಳೆಯದನ್ನು ಹೊಡೆದವನು ಯಾರೆಂಬುದು ನೆನಪಾಗಿ ಜೋಸಿ ನಾಲಿಗೆ ಕಚ್ಚಿಕೊಂಡಳು.

ಎಲ್ವಿನ್ ಬಿಳಿ ಸೀಡರನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಊರಿನಲ್ಲಿ ಅದನ್ನು ರಾಶಿ ಹಾಕಿಕೊಂಡವನು ಒಬ್ಬನೇ, ದೋಣಿಗೆ ಬಳಸುವವನು. ಎಲ್ವಿನ್ ಬೇಲಿಯಾಚೆ ನೋಡಿದ. ಹಾರ್ಲನ್ ಕಿಟಕಿಯಲ್ಲಿ ನಿಂತಿದ್ದ. ಇವನ ಮುಖ ಕಂಡದ್ದೇ ಒಳಕ್ಕೆ ಸರಿದ.

ಆ ಬಿಳಿ ಹಲಗೆಗಳನ್ನು ಈಗಲೇ ಕಿತ್ತು ಬಿಸಾಡು ಎಂದು ಎಲ್ವಿನ್ ಜೋಸಿಗೆ ಹೇಳಿದ. ಅವಳು ಆಗುವುದಿಲ್ಲ ಅಂದಳು. ಅವನ್ನು ಕಿತ್ತರೆ ಸುತ್ತಲಿನ ಕೆಂಪು ಹಲಗೆಗಳು ಪುಡಿಯಾಗುತ್ತವಂತೆ; ಇನ್ನೂ ಇಪ್ಪತ್ತು ವರ್ಷ ಬಾಳುವಂಥವು ಆ ಬಿಳಿಯವು ಮಾತ್ರವಂತೆ.

ಅಡುಗೆಮನೆಯಲ್ಲಿ ನಡೀನ್ ಬೀನ್ಸ್ ಕಾಳು ನೆನೆಹಾಕುತ್ತಿದ್ದಳು, ಶನಿವಾರದ ಊಟಕ್ಕೆ. ಅವನು ಬಾಗಿಲಲ್ಲಿ ನಿಂತ ರೀತಿಗೇ ಅವಳಿಗೆ ತಿಳಿದುಹೋಯಿತು. ಕೈ ಒರೆಸಿಕೊಂಡು ಕೂತು ಎಲ್ಲ ಹೇಳಿದಳು. ಛಾವಣಿ ಹೊಡೆದ ಮರುವರ್ಷದ ನವೆಂಬರ್, ಮೂರು ದಿನ ಬಿಡದೆ ಮಳೆ. ಮಗಳಿಗೆ ಎರಡು ತಿಂಗಳು, ತೊಟ್ಟಿಲ ಮೇಲೇ ನೀರು. ಇದ್ದಬದ್ದ ಪಾತ್ರೆಯೆಲ್ಲ ಇಟ್ಟಳು. ಎಲ್ವಿನ್ ಎಲ್ಲೋ ಆಫ್ರಿಕಾದ ಆಚೆ. ನಾಲ್ಕನೆಯ ದಿನ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿ ಹಾರ್ಲನ್‌ನ ಬಾಗಿಲು ತಟ್ಟಿದಳು.

"ಅವನ ಮುಂದೆ ಅತ್ತುಬಿಟ್ಟೆಯಾ?" ಎಲ್ವಿನ್ ಕೇಳಿದ್ದು ಅದೊಂದೇ.

"ಹೂಂ, ಅತ್ತುಬಿಟ್ಟೆ."

ಅವನ ಎದೆಯಲ್ಲಿ ಕೆಂಡ ಸುರಿದ ಹಾಗಾಯಿತು. ಸೋರಿದ್ದಕ್ಕಲ್ಲ, ಹಲಗೆಗೂ ಅಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಈ ಹೆಂಗಸು ತನ್ನ ಮುಂದೆ ಕಣ್ಣೀರು ಹಾಕಿದ್ದು ಅವನಿಗೆ ನೆನಪಿರಲಿಲ್ಲ. ತನ್ನ ಪಾಲಿಗೆ ಬರಬೇಕಿದ್ದ ಆ ಕಣ್ಣೀರನ್ನು ಹಾರ್ಲನ್ ನೋಡಿಬಿಟ್ಟಿದ್ದ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಫೆಬ್ರವರಿಯಲ್ಲಿ ನೀನು ಬಂದೆ. ಅಂಗಳದಲ್ಲಿ ಚೀಲ ಇಳಿಸಿ ಮೊದ್ಲು ಛಾವಣಿ ನೋಡ್ದೆ, ಹಿಮದ ಭಾರಕ್ಕೆ ಬಗ್ಗಿದ್ಯೇನೋ ಅಂತ. ಆಮೇಲೆ ಕೂಸನ್ನ ನೋಡ್ದೆ. ಆಮೇಲೆ ನನ್ನ." ನಡೀನ್ ನಕ್ಕಳು, ಆದರೆ ಅದು ನಗುವಾಗಿರಲಿಲ್ಲ. "ನಿನಗೆ ಹಾರ್ಲನ್ ಮೇಲೆ ಹೊಟ್ಟೆಕಿಚ್ಚು. ನನಗೆ ಆ ಹಲಗೆಗಳ ಮೇಲೆ ಕಣೋ. ಪ್ರತಿ ಸಲ ಹಾಗೇ ಮಾಡ್ತಿದ್ದೆ ನೀನು. ಅದು ಸೋರಿತು ಅಂತ ಹೇಳಿದ್ರೆ ನನ್ನನ್ನ ನೋಡೋದನ್ನೂ ಮರೆತು ಮೇಲೆ ಹತ್ತಿ ಕೂರ್ತಿದ್ದೆ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸಂಜೆ ಜೋಸಿ ಬಂದು, ಕಂದು ಎಣ್ಣೆ ಬಳಿದರೆ ಎರಡು ಬಣ್ಣವೂ ಮುಚ್ಚಿಹೋಗುತ್ತದೆ, ಬಳಿಯಲೇ ಎಂದು ಕೇಳಿದಳು. ಅವನು ಬೇಡ ಅಂದ. ಅದು ಅಲ್ಲೇ ಇರಲಿ, ತನಗೆ ಕಾಣುತ್ತಿರಲಿ ಅಂದ. ಅವಳಿಗೆ ಅರ್ಥವಾಗಲಿಲ್ಲ, ಏಣಿ ಕಟ್ಟಿಕೊಂಡು ಹೋದಳು. ಹಾರ್ಲನ್ ಜೊತೆ ಅವನು ಮಾತು ಬಿಟ್ಟ. ಇಷ್ಟು ವರ್ಷ ತಾನು ಒಂದು ಹನಿ ಇಲ್ಲ ಎಂದು ಕೂಗಿದಾಗಲೆಲ್ಲ ಆ ಮನುಷ್ಯ ತಲೆ ಬಗ್ಗಿಸಿಕೊಂಡು ಒಳ್ಳೇ ಛಾವಣಿ ಅಂದಿದ್ದನಲ್ಲ. ಆಡಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು, ಈ ಒಳ್ಳೆಯತನವನ್ನು ಏನು ಮಾಡೋದು?

ಆಗಸ್ಟ್ ಕೊನೆಗೆ ಬಿರುಗಾಳಿ ಬಂತು. ಮಧ್ಯಾಹ್ನವಿಡೀ ಮಳೆ. ಹಿತ್ತಲ ಶೆಡ್ಡಿನಲ್ಲಿ ಎಲ್ವಿನ್ ಹಳೆಯ ಪಂಪು ಬಿಚ್ಚಿ ಕೂತಿದ್ದ. ಬಾಗಿಲು ತಳ್ಳಿಕೊಂಡು ನಡೀನ್ ಬಂದಳು, ತಲೆಯೆಲ್ಲ ತೊಯ್ದು, ಉಸಿರು ಮೇಲೆ ಕೆಳಗೆ. ಅವಳು ಹಾರ್ಲನ್‌ನ ಕಿಟಕಿಯ ಕೆಳಗೇ ಹಾದು ಬಂದದ್ದು, ಅವನು ಅಲ್ಲೇ ನಿಂತಿದ್ದರೂ ಅವನನ್ನು ಕರೆಯದೆ.

"ಮುಂದಿನ ಕೋಣೆ ಸೋರ್ತಾ ಇದೆ," ಅಂದಳು. "ಸೋಫಾ ಎಲ್ಲ ನೆನೀತಿದೆ. ಬಾ, ನನ್ನೊಬ್ಬಳ ಕೈಲಾಗಲ್ಲ." ಅವಳ ದನಿ ಒಡೆದು ಬಂತು, ಕೆನ್ನೆಯ ಮೇಲಿದ್ದದ್ದೆಲ್ಲ ಮಳೆ ನೀರಲ್ಲ.

ಎಲ್ವಿನ್ ಸ್ಪ್ಯಾನರ್ ಕೆಳಗಿಟ್ಟ. ಸೋರುವ ಛಾವಣಿಯ ಕಡೆ ತಲೆ ಎತ್ತಲಿಲ್ಲ, ಅವಳನ್ನೇ ನೋಡಿದ. ತನ್ನ ಕೋಟು ತೆಗೆದು ಅವಳ ತಲೆಯ ಮೇಲೆ ಹಾಕಿ, ಹಾಳು ಮಂಡಿಯನ್ನು ಎಳೆದುಕೊಂಡು ಅವಳ ಹಿಂದೆ ಹೊರಟ. ಹಾರ್ಲನ್ ಕಿಟಕಿ ಎತ್ತಿ, ಬಹಳ ದಿನದ ಮೇಲೆ ಮಾತಾಡಿಸಿದ.

"ಏನೋ, ಸೋರ್ತಾ?"

"ಸೋರ್ತಿದೆ," ಎಂದು ಎಲ್ವಿನ್ ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ನನ್ನನ್ನ ಕರೆದ್ಲು ಕಣೋ."